ವೇವ್ ಫಿಸಿಕ್ಸ್ ಪೋಸ್ಟ್‌ಡಾಕ್: ಎಲ್ಲಿ ಹುಡುಕಬೇಕು, ಯಾರಿಗೆ ಬರೆಯಬೇಕು?

ಓದುಗರ ಪ್ರಶ್ನೆ: ಫೋನಾನಿಕ್ ಕ್ರಿಸ್ಟಲ್‌ಗಳಲ್ಲಿ (ಒಂದೇ ವಿನ್ಯಾಸ ಮತ್ತೆ ಮತ್ತೆ ಬರುವಂತೆ ಕಟ್ಟಿದ ವಸ್ತುಗಳಲ್ಲಿ) ಕಂಪನದ ಅಲೆಗಳು ಹೇಗೆ ಸಾಗುತ್ತವೆ ಎಂಬುದರ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಪೂರ್ತಿ ಸಿಮ್ಯುಲೇಶನ್ ಕೆಲಸ. ಇನ್ನು ಎಂಟು ತಿಂಗಳಿಗೆ ಥೀಸಿಸ್ ಕೊಡುತ್ತೇನೆ. ಎರಡು ಪೇಪರ್ ಬಂದಿವೆ, ಒಂದು ರಿವ್ಯೂನಲ್ಲಿದೆ. ಪಿಎಚ್‌ಡಿ ನಂತರದ ಸಂಶೋಧನಾ ಹುದ್ದೆಗಾಗಿ ‘ವೇವ್ ಫಿಸಿಕ್ಸ್ ಪೋಸ್ಟ್‌ಡಾಕ್’ ಅಂತ ಹುಡುಕಿದರೆ ಹೆಚ್ಚೇನೂ ಸಿಗುತ್ತಿಲ್ಲ. ಈ ಕ್ಷೇತ್ರದಲ್ಲಿ ಅವಕಾಶವೇ ಕಡಿಮೆಯಾ? ಲ್ಯಾಬ್‌ನಲ್ಲಿ ಕೆಲಸ ಮಾಡದ ನನ್ನನ್ನು ಯಾರಾದರೂ ತೆಗೆದುಕೊಳ್ಳುತ್ತಾರಾ? ನನ್ನ ಗೈಡ್ “ಥೀಸಿಸ್ ಡಿಫೆನ್ಸ್ ಮುಗಿಯಲಿ, ಆಮೇಲೆ ನೋಡೋಣ” ಅನ್ನುತ್ತಾರೆ. ಕಾಯಬೇಕಾ? ಮೊದಲು ಸಿಕ್ಕ ಆಫರ್ ಒಪ್ಪಿಕೊಂಡುಬಿಡಬೇಕಾ?

ಉತ್ತರ:

ಕಾಯಬೇಡಿ. ನಿಮ್ಮ ಗೈಡ್ ಹೇಳುವುದರಲ್ಲಿ ಕಾಳಜಿ ಇದೆ. ಅರ್ಜಿ ಬರೆಯುತ್ತಾ ಕೂತರೆ ಥೀಸಿಸ್ ನಿಂತುಹೋದೀತು ಎಂಬ ಭಯ ಅವರದ್ದು. ಆ ಭಯ ಸುಳ್ಳಲ್ಲ. ಆದರೆ ಮೊದಲ ಈಮೇಲ್ ಕಳಿಸಿ, ಆಮೇಲೆ ಹೊಸ ಲ್ಯಾಬ್ ಸೇರುವ ಹೊತ್ತಿಗೆ ಒಂದು ವರ್ಷ ಆಗುವುದು ಮಾಮೂಲು. ದೊಡ್ಡ ಫೆಲೋಶಿಪ್‌ಗಳಲ್ಲಿ ಹಲವಕ್ಕೆ ವರ್ಷಕ್ಕೊಂದೇ ಸಲ ಅರ್ಜಿ ಕರೆಯುತ್ತಾರೆ. ಫಲಿತಾಂಶಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಅದಾದ ಮೇಲೆ ಒಪ್ಪಂದದ ಕಾಗದ, ವೀಸಾ. ಡಿಫೆನ್ಸ್ ಮುಗಿಸಿ ಶುರು ಮಾಡಿದರೆ ಅಷ್ಟು ದಿನ ಸಂಬಳವಿಲ್ಲದೆ ಇರಬೇಕಾಗುತ್ತದೆ. ವಾರಕ್ಕೆ ಅರ್ಧ ದಿನ ಇದಕ್ಕೇ ಎತ್ತಿಡಿ, ಉಳಿದದ್ದು ಥೀಸಿಸ್‌ಗೆ. ಹೀಗೆ ಲೆಕ್ಕ ಕೊಟ್ಟು ಮಾತಾಡಿದರೆ ಗೈಡ್ ಕೂಡ ಒಪ್ಪುತ್ತಾರೆ. ಅವರ ಶಿಫಾರಸು ಪತ್ರ ನಿಮಗೆ ಬೇಕೇ ಬೇಕು, ಅವರನ್ನು ಜೊತೆಗಿಟ್ಟುಕೊಂಡೇ ಈ ಕೆಲಸ ಮಾಡಿ.

ಇನ್ನು ಅವಕಾಶದ ಮಾತು. ಅವಕಾಶ ಕಡಿಮೆ ಇಲ್ಲ. ‘ವೇವ್ ಫಿಸಿಕ್ಸ್’ ಎಂಬ ಹೆಸರಿನಲ್ಲಿ ಜಾಹೀರಾತು ಬರುವುದು ಕಡಿಮೆ, ಅಷ್ಟೇ. ಆ ಹೆಸರಿನ ವಿಭಾಗ ಇರುವ ವಿಶ್ವವಿದ್ಯಾಲಯ ಸಿಗುವುದೇ ಅಪರೂಪ. ಅಲೆಗಳ ಕೆಲಸ ಹತ್ತಾರು ವಿಭಾಗಗಳಲ್ಲಿ ಹಂಚಿಹೋಗಿದೆ. ಮೆಕ್ಯಾನಿಕಲ್ ಮತ್ತು ಸಿವಿಲ್ ಎಂಜಿನಿಯರಿಂಗ್‌ನಲ್ಲಿದೆ, ಭೂಭೌತಶಾಸ್ತ್ರದಲ್ಲಿದೆ, ವೈದ್ಯಕೀಯ ಇಮೇಜಿಂಗ್‌ನಲ್ಲಿದೆ, ಆಪ್ಟಿಕ್ಸ್‌ನಲ್ಲಿದೆ, ಅನ್ವಯಿಕ ಗಣಿತದಲ್ಲಿದೆ, ಖಗೋಳ ಭೌತಶಾಸ್ತ್ರದಲ್ಲೂ ಇದೆ. ಹಾಗಾಗಿ ಹುಡುಕುವ ಪದ ಬದಲಿಸಿ. ಮೆಟಾಮೆಟೀರಿಯಲ್, ಸ್ಕ್ಯಾಟರಿಂಗ್, ವೇವ್‌ಫ್ರಂಟ್ ಶೇಪಿಂಗ್, ಸೈಸ್ಮಿಕ್ ಇಮೇಜಿಂಗ್, ಅಲ್ಟ್ರಾಸೌಂಡ್, ನಾನ್ ಡಿಸ್ಟ್ರಕ್ಟಿವ್ ಟೆಸ್ಟಿಂಗ್, ಇನ್ವರ್ಸ್ ಪ್ರಾಬ್ಲಮ್ಸ್, ಆಪ್ಟೋಮೆಕ್ಯಾನಿಕ್ಸ್, ಡಿಸ್ಟ್ರಿಬ್ಯೂಟೆಡ್ ಅಕೌಸ್ಟಿಕ್ ಸೆನ್ಸಿಂಗ್. ಇವನ್ನು ಒಂದೊಂದಾಗಿ ಯುರಾಕ್ಸೆಸ್, ಅಕಾಡೆಮಿಕ್ ಜಾಬ್ಸ್ ಆನ್‌ಲೈನ್ ಎಂಬ ಉದ್ಯೋಗ ಜಾಲತಾಣಗಳಲ್ಲಿ ಹಾಕಿ ನೋಡಿ. ಪರದೆ ತುಂಬುತ್ತದೆ.

ನೀವು ಕೇಳಬಹುದು, ನನ್ನದು ಫೋನಾನಿಕ್ ಕ್ರಿಸ್ಟಲ್, ಭೂಕಂಪದವರಿಗೆ ನಾನೇಕೆ ಬೇಕು ಅಂತ. ಇಡೀ ಉತ್ತರದ ಜೀವಾಳ ಇಲ್ಲೇ ಇದೆ. ಅಲೆಗಳ ಲೋಕದಲ್ಲಿ ಒಂದು ಕಡೆ ಹುಟ್ಟಿದ ವಿಧಾನ ಇನ್ನೊಂದು ಕಡೆ ಹೋಗಿ ದೊಡ್ಡದಾಗುತ್ತದೆ. ಒಳ್ಳೆಯ ಪೋಸ್ಟ್‌ಡಾಕ್ ಅಂದರೆ ಹಾಗೆ ದಾಟಿಸುವ ಕೆಲಸ.

ಒಂದು ಉದಾಹರಣೆ ವಿವರವಾಗಿ ನೋಡೋಣ. 2007ರಲ್ಲಿ ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿ ಐವೋ ವೆಲೆಕೂಪ್ ಮತ್ತು ಅಲ್ಲಾರ್ಡ್ ಮಾಸ್ಕ್ ಒಂದು ಪ್ರಯೋಗ ಮಾಡಿದರು. ಬಿಳಿ ಬಣ್ಣದ ಪದರದಂತೆ ಬೆಳಕನ್ನು ಚೆದುರಿಸುವ ವಸ್ತುವಿನ ಮೇಲೆ ಲೇಸರ್ ಬಿಟ್ಟರು. ಮಾಮೂಲಿಯಾಗಿ ಆಚೆ ಬದಿಯಲ್ಲಿ ಚುಕ್ಕಿ ಚುಕ್ಕಿ ಗೊಂದಲ ಮಾತ್ರ ಕಾಣುತ್ತದೆ. ಅವರು ಒಳಗೆ ಹೋಗುವ ಅಲೆಯನ್ನೇ ಭಾಗ ಭಾಗವಾಗಿ ತಿದ್ದಿದರು. ಪ್ರತಿ ಭಾಗ ಎಷ್ಟು ಮುಂದೆ, ಎಷ್ಟು ಹಿಂದೆ ಇರಬೇಕು ಎಂದು ಹೊಂದಿಸುತ್ತಾ ಹೋದರು. ಕೊನೆಗೆ ಆಚೆ ಬದಿಯ ಒಂದೇ ಬಿಂದುವಿನಲ್ಲಿ ಬೆಳಕು ಸುತ್ತಲಿಗಿಂತ ಸುಮಾರು 1,000 ಪಟ್ಟು ಪ್ರಖರವಾಗಿ ಬಂತು. 2010ರಲ್ಲಿ ಪ್ಯಾರಿಸ್ಸಿನ ಸಂಶೋಧಕರು ಇನ್ನೊಂದು ಹೆಜ್ಜೆ ಇಟ್ಟರು. ಯಾವ ಅಲೆ ಒಳಗೆ ಹೋದರೆ ಯಾವ ಅಲೆ ಹೊರಗೆ ಬರುತ್ತದೆ ಎಂಬ ಲೆಕ್ಕವನ್ನೇ ಒಂದು ದೊಡ್ಡ ಮ್ಯಾಟ್ರಿಕ್ಸ್ (ಸಂಖ್ಯೆಗಳ ಕೋಷ್ಟಕ) ಆಗಿ ಅಳೆದರು.

ಮ್ಯಾಟ್ರಿಕ್ಸ್ ಕೈಗೆ ಬಂದ ಮೇಲೆ ಅದು ಬೆಳಕಿನದ್ದೋ ಶಬ್ದದ್ದೋ ಎಂಬ ಭೇದ ಉಳಿಯುವುದಿಲ್ಲ. ಪ್ಯಾರಿಸ್ಸಿನ ಲಾಂಜವಾ ಇನ್‌ಸ್ಟಿಟ್ಯೂಟ್‌ನಲ್ಲಿ ಇದೇ ದಾರಿ ಹಿಡಿದು ವಾಪಸ್ ಬರುವ ಪ್ರತಿಧ್ವನಿಗಳ ಮ್ಯಾಟ್ರಿಕ್ಸ್ ಬಳಸಿ ಅಲ್ಟ್ರಾಸೌಂಡ್ ಚಿತ್ರಗಳ ವಕ್ರತೆ ತಿದ್ದುತ್ತಾರೆ. ಸೂಕ್ಷ್ಮದರ್ಶಕದ ಚಿತ್ರಗಳನ್ನೂ ತಿದ್ದುತ್ತಾರೆ. 2018ರಲ್ಲಿ ಅದೇ ವಿಧಾನವನ್ನು ಅಂಟಾರ್ಕ್ಟಿಕಾದ ಎರೆಬಸ್ ಜ್ವಾಲಾಮುಖಿಯ ಒಳಭಾಗ ನೋಡಲು ಬಳಸಿದರು. ಮಿಲಿಮೀಟರಿಗಿಂತ ಸಣ್ಣ ಅಲೆಯಿಂದ ಕಿಲೋಮೀಟರ್ ಉದ್ದದ ಅಲೆಯವರೆಗೆ ಒಂದೇ ಬೀಜಗಣಿತ. ಈ ಸಾಲು ಬರೆಯುವಾಗಲೂ ನನಗೆ ಖುಷಿಯಾಗುತ್ತದೆ. ಇಂಥ ಗ್ರೂಪ್‌ನಲ್ಲಿ ಆಪ್ಟಿಕ್ಸ್ ಓದಿದವರು, ಶಬ್ದಶಾಸ್ತ್ರ ಓದಿದವರು, ಭೂಭೌತಶಾಸ್ತ್ರ ಓದಿದವರು ಒಂದೇ ಬೋರ್ಡಿನ ಮುಂದೆ ನಿಂತು ಜಗಳ ಆಡುತ್ತಿರುತ್ತಾರೆ. ಅಲ್ಲಿ ನಿಮ್ಮಂಥವರಿಗೆ ಜಾಗ ಇದೆ.

ನಿಮ್ಮ ವಿಷಯಕ್ಕೆ ಇನ್ನೂ ಹತ್ತಿರದ ಕಥೆ ಕಾಡಿನದ್ದು. 2000ದಲ್ಲಿ ಹಾಂಗ್‌ಕಾಂಗ್‌ನಲ್ಲಿ ಪಿಂಗ್ ಶೆಂಗ್ ಅವರ ಗ್ರೂಪ್ ಸೀಸದ ಸಣ್ಣ ಗುಂಡುಗಳಿಗೆ ಮೆತ್ತನೆ ಸಿಲಿಕೋನ್ ರಬ್ಬರ್ ಹೊದಿಸಿ ಎಪಾಕ್ಸಿಯಲ್ಲಿ ಜೋಡಿಸಿತು. ಆ ತುಂಡು ತನಗಿಂತ ತುಂಬಾ ಉದ್ದದ ಶಬ್ದದ ಅಲೆಗಳನ್ನು ತಡೆಯಿತು. ಪ್ರತಿ ಗುಂಡು ರಬ್ಬರ್ ಒಳಗೆ ತನ್ನದೇ ಕಂಪನದಲ್ಲಿ ಅಲುಗಾಡುವುದೇ ಇದಕ್ಕೆ ಕಾರಣ. ಇದು ನಿಮಗೆ ಬಾಯಿಪಾಠ ಇರುತ್ತದೆ. ಇದೇ ತತ್ವವನ್ನು ಫ್ರಾನ್ಸ್‌ನ ಭೂಭೌತಶಾಸ್ತ್ರಜ್ಞರು ಮರಗಳಲ್ಲಿ ಕಂಡರು. ನೆಲದ ಮೇಲ್ಮೈಯಲ್ಲಿ ಸಾಗುವ ರೇಲಿ ಅಲೆ ಕಾಡಿನ ಒಳಗೆ ಬಂದಾಗ, ಪ್ರತಿ ಮರವೂ ಆ ಗುಂಡಿನಂತೆ ತನ್ನದೇ ಕಂಪನದಲ್ಲಿ ಅಲುಗಾಡುವ ಒಂದು ರೆಸೊನೇಟರ್ ಆಗುತ್ತದೆ. ಕೆಲವು ಆವರ್ತನಗಳಲ್ಲಿ ಅಲೆ ಮುಂದೆ ಹೋಗುವುದೇ ಇಲ್ಲ, ಆ ಆವರ್ತನಗಳ ಪಟ್ಟಿಯೇ ಬ್ಯಾಂಡ್‌ಗ್ಯಾಪ್. 2016ರಲ್ಲಿ ಈ ಪೇಪರ್ ಬಂತು. ಆಮೇಲೆ ಫ್ರಾನ್ಸ್‌ನ ಲಾಂದ್ ಪ್ರದೇಶದ ಪೈನ್ ಕಾಡಿನಲ್ಲಿ ಸಾವಿರದಷ್ಟು ಸೆನ್ಸರ್ ನೆಟ್ಟು ಮೆಟಾಫೋರೆ ಎಂಬ ದೊಡ್ಡ ಪ್ರಯೋಗವನ್ನೇ ಮಾಡಿದರು. ಫೋನಾನಿಕ್ ಕ್ರಿಸ್ಟಲ್ ಗೊತ್ತಿರುವ ಒಬ್ಬರು ಅಲ್ಲಿ ಮೊದಲ ದಿನದಿಂದಲೇ ಕೆಲಸಕ್ಕೆ ಬರುತ್ತಾರೆ, ಅಲ್ವಾ?

ಬೇರೆ ದಿಕ್ಕುಗಳನ್ನೂ ಹೇಳುತ್ತೇನೆ. ವೈದ್ಯಕೀಯ ಅಲ್ಟ್ರಾಸೌಂಡ್ ಈಗ ಬಹಳ ಚುರುಕಾಗಿದೆ. 2015ರಲ್ಲಿ ರಕ್ತಕ್ಕೆ ಸಣ್ಣ ಗುಳ್ಳೆಗಳನ್ನು ಬಿಟ್ಟು, ಒಂದೊಂದು ಗುಳ್ಳೆಯನ್ನೂ ಬೆನ್ನಟ್ಟಿ, ಇಲಿಯ ಮಿದುಳಿನ ಹತ್ತು ಮೈಕ್ರಾನ್ ಆಸುಪಾಸಿನ ರಕ್ತನಾಳಗಳ ಚಿತ್ರ ತೆಗೆದರು. ಅದನ್ನು ಮನುಷ್ಯರಿಗೆ ತರುವಲ್ಲಿ ದೊಡ್ಡ ಅಡ್ಡಿ ತಲೆಬುರುಡೆ. ಅದು ಅಲೆಯನ್ನು ತಿರುಚುತ್ತದೆ, ನುಂಗುತ್ತದೆ. ಮೂಳೆಯಂಥ ಸಂಕೀರ್ಣ ಘನವಸ್ತುವಿನಲ್ಲಿ ಅಲೆ ಹೇಗೆ ಹೋಗುತ್ತದೆ ಎಂದು ಸರಿಯಾಗಿ ಲೆಕ್ಕ ಹಾಕಬಲ್ಲವರಿಗೆ ಇಲ್ಲಿ ಬೇಡಿಕೆ ಜಾಸ್ತಿ.

ಗುರುತ್ವ ಅಲೆಗಳ ಕಡೆಯೂ ನೋಡಿ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ವೀಕ್ಷಣಾಲಯ ಮೊದಲ ಸಲ ಅಂಥ ಅಲೆ ಹಿಡಿಯಿತು. ಅದರ ತೋಳುಗಳ ಉದ್ದ 4 ಕಿಲೋಮೀಟರ್. ಅಳೆಯುವ ವ್ಯತ್ಯಾಸ ಮಾತ್ರ ಪ್ರೋಟಾನಿನ ಅಗಲದ ಸಾವಿರದಲ್ಲೊಂದು ಪಾಲಿಗಿಂತ ಚಿಕ್ಕದು. ಹೀಗಾಗಿ ಅಲ್ಲಿನವರ ದಿನನಿತ್ಯದ ಹೋರಾಟ ನೆಲದ ಕಂಪನದ ಜೊತೆ. ಕನ್ನಡಿಯನ್ನು ತೂಗುಹಾಕುವುದು, ಕಂಪನ ತಡೆಯುವುದು, ಹತ್ತಿರದ ನೆಲದಲ್ಲಿ ಹಾದುಹೋಗುವ ಭೂಕಂಪದ ಅಲೆ ತನ್ನ ಗುರುತ್ವದಿಂದಲೇ ಕನ್ನಡಿಯನ್ನು ಎಳೆಯುವುದನ್ನು ಲೆಕ್ಕ ಹಾಕುವುದು. ಇವೆಲ್ಲ ಘನವಸ್ತುವಿನ ಅಲೆ ಬಲ್ಲವರ ಕೆಲಸ. ಯುರೋಪಿನ ಐನ್‌ಸ್ಟೈನ್ ಟೆಲಿಸ್ಕೋಪ್ ಯೋಜನೆಯನ್ನು ನೆಲದಡಿಯಲ್ಲಿ ಕಟ್ಟಬೇಕೆಂದಿರುವುದೂ ಈ ಕಂಪನದ ಕಾಟ ಕಡಿಮೆ ಮಾಡಲೆಂದೇ.

ಅಲೆ ಸಾಗುತ್ತಿರುವಾಗಲೇ ಗುಣ ಬದಲಾಗುವ ಮಾಧ್ಯಮಗಳು ಇನ್ನೊಂದು ಬಿಸಿ ವಿಷಯ. 2016ರಲ್ಲಿ ಪ್ಯಾರಿಸ್ಸಿನಲ್ಲಿ ನೀರಿನ ತೊಟ್ಟಿಯನ್ನು ಒಮ್ಮೆ ಜೋರಾಗಿ ಮೇಲೆ ಕೆಳಗೆ ಅಲುಗಿಸಿ, ಹರಡುತ್ತಿದ್ದ ಅಲೆಗಳು ಹುಟ್ಟಿದ ಜಾಗಕ್ಕೇ ವಾಪಸ್ ಬರುವಂತೆ ಮಾಡಿದರು. 2023ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಎರಡು ಸೀಳುಗಳ ಹಳೆಯ ಪ್ರಯೋಗವನ್ನು ಜಾಗದ ಬದಲು ಕಾಲದಲ್ಲಿ ಮಾಡಿ ತೋರಿಸಿದರು. ಸಿದ್ಧಾಂತದ ಕೆಲಸ ಇನ್ನೂ ಬಹಳ ಬಾಕಿ ಇರುವ ಜಾಗ ಇದು. ಆದರೆ ಪೈಪೋಟಿಯೂ ಹೆಚ್ಚು, ಅದು ಗೊತ್ತಿರಲಿ.

ಆಪ್ಟಿಕಲ್ ಫೈಬರನ್ನೇ ಭೂಕಂಪ ಸೆನ್ಸರ್ ಮಾಡುವ ಕೆಲಸ, ದೈತ್ಯ ಸಮುದ್ರದ ಅಲೆಗಳ ಅಧ್ಯಯನ, ಗಣಿತದ ಕಡೆಯಿಂದ ಆಂಡರ್ಸನ್ ಲೋಕಲೈಸೇಶನ್ (ಅಸ್ತವ್ಯಸ್ತ ವಸ್ತುವಿನಲ್ಲಿ ಅಲೆ ಒಂದೆಡೆ ಸಿಕ್ಕಿಬೀಳುವುದು): ಇವೂ ಇವೆ. ಫೈಬರ್ ಕೆಲಸದಲ್ಲಿ ಡೇಟಾ ವಿಪರೀತ ಬರುತ್ತದೆ. ಸಿಗ್ನಲ್ ಪ್ರೊಸೆಸಿಂಗ್ ಇಷ್ಟವಿದ್ದರೆ ಮಾತ್ರ ಅತ್ತ ಹೋಗಿ.

ಜಾಗಗಳ ಹೆಸರು ಕೇಳಿದರೆ, ಲಾಂಜವಾ ಜೊತೆಗೆ ಫ್ರಾನ್ಸ್‌ನಲ್ಲೇ ಲ ಮಾನ್‌ನ ಶಬ್ದಶಾಸ್ತ್ರ ಪ್ರಯೋಗಾಲಯ, ಮಾರ್ಸೇಯ ಫ್ರೆನೆಲ್ ಇನ್‌ಸ್ಟಿಟ್ಯೂಟ್, ಗ್ರೆನೋಬ್ಲ್‌ನ ಭೂಭೌತಶಾಸ್ತ್ರ ಗ್ರೂಪ್‌ಗಳಿವೆ. ಜರ್ಮನಿಯಲ್ಲಿ ಎರ್ಲಾಂಗೆನ್‌ನ ಮ್ಯಾಕ್ಸ್ ಪ್ಲಾಂಕ್ ಬೆಳಕಿನ ಸಂಸ್ಥೆ, ಅಲೆಗಳ ಗಣಿತಕ್ಕೆ ಕಾರ್ಲ್ಸ್‌ರೂಹೆ. ನೆದರ್ಲೆಂಡ್ಸ್‌ನ ಅಮಾಲ್ಫ್, ಬಾರ್ಸಿಲೋನಾ ಹತ್ತಿರದ ಇಕ್ಫೋ, ಇಂಗ್ಲೆಂಡಿನ ಸೌತಾಂಪ್ಟನ್, ನ್ಯೂಯಾರ್ಕಿನ ಸಿಟಿ ಯೂನಿವರ್ಸಿಟಿ. ಇಷ್ಟಕ್ಕೇ ಪಟ್ಟಿ ಮುಗಿಯುವುದಿಲ್ಲ. ಸಂಸ್ಥೆಯ ಹೆಸರಿಗಿಂತ ನೀವು ಓದಿ ಮೆಚ್ಚಿದ ಪೇಪರ್‌ನ ಲೇಖಕರ ಪಟ್ಟಿಯಲ್ಲಿರುವ ಕೊನೆಯ ಹೆಸರು ನಿಮಗೆ ಒಳ್ಳೆಯ ದಾರಿ ತೋರಿಸುತ್ತದೆ. ಸಾಮಾನ್ಯವಾಗಿ ಗ್ರೂಪ್ ನಡೆಸುವವರು ಅವರೇ.

ಈಗ ನಿಮ್ಮ ದೊಡ್ಡ ಅಳುಕಿಗೆ ಬರೋಣ. ಪ್ರಯೋಗ ಮಾಡಿಲ್ಲ ಎಂಬುದು ತಡೆಗೋಡೆ ಅಲ್ಲ. ಆದರೆ ನಿಮ್ಮ ಲೆಕ್ಕವನ್ನು ನಿಜವಾದ ಅಳತೆಯ ಜೊತೆ ಒಮ್ಮೆಯೂ ಇಟ್ಟು ನೋಡಿಲ್ಲ ಅಂದರೆ ಅದು ಕೊರತೆಯೇ. ಪ್ರಯೋಗ ಮಾಡುವ ಗ್ರೂಪ್ ನಡೆಸುವವರು ಇದನ್ನು ಮೊದಲೇ ಗಮನಿಸುತ್ತಾರೆ. ಇದನ್ನು ತುಂಬಿಕೊಳ್ಳಲು ಲ್ಯಾಬ್ ಬೇಕಿಲ್ಲ. ಎರಡು ಭೂಕಂಪ ಕೇಂದ್ರಗಳ ಡೇಟಾ ಸಾಕು, ಅದು ಉಚಿತವಾಗಿ ಸಿಗುತ್ತದೆ. ಪೈಥಾನ್ ಬಂದರೆ ಓಬ್ಸ್‌ಪೈ ಎಂಬ ಲೈಬ್ರರಿ ಇದೆ. ಸುಮಾರು 300 ಕಿಲೋಮೀಟರ್ ದೂರದ ಎರಡು ಕೇಂದ್ರ ಆರಿಸಿ. ಭೂಕಂಪ ಆದ ದಿನಗಳ ಗಲಾಟೆ ತೆಗೆದುಹಾಕಿ, ಏನೂ ಇಲ್ಲದಂತೆ ಕಾಣುವ ನೆಲದ ಸದ್ದನ್ನೇ ಇಟ್ಟುಕೊಳ್ಳಿ. ಸಮುದ್ರದ ಅಲೆಗಳು ನೆಲಕ್ಕೆ ಕೊಡುವ ನಿರಂತರ ನಡುಕ ಅದು. ಒಂದೊಂದು ಏರಿಳಿತಕ್ಕೆ ಸುಮಾರು 5ರಿಂದ 20 ಸೆಕೆಂಡ್ ಹಿಡಿಯುವ ಅಲೆಗಳನ್ನು ಮಾತ್ರ ಉಳಿಸಿ. ಎರಡೂ ಕೇಂದ್ರಗಳ ಸದ್ದನ್ನು ದಿನ ದಿನವೂ ಕ್ರಾಸ್ ಕೋರಿಲೇಟ್ ಮಾಡಿ (ಒಂದನ್ನು ಕಾಲದಲ್ಲಿ ಹಿಂದೆ ಮುಂದೆ ಸರಿಸುತ್ತಾ ಇನ್ನೊಂದರ ಜೊತೆ ಎಷ್ಟು ಹೊಂದುತ್ತದೆ ಎಂದು ನೋಡಿ), ಹಲವು ತಿಂಗಳ ಫಲಿತಾಂಶ ಕೂಡಿಸುತ್ತಾ ಹೋಗಿ.

ಒಂದು ದಿನದ ಡೇಟಾದಲ್ಲಿ ಹೆಚ್ಚೇನೂ ಕಾಣುವುದಿಲ್ಲ. ತಿಂಗಳುಗಳು ಸೇರುತ್ತಾ ಹೋದಂತೆ ಸೊನ್ನೆ ಸೆಕೆಂಡಿನ ಎರಡೂ ಬದಿಗೆ, ಹೆಚ್ಚು ಕಡಿಮೆ 100 ಸೆಕೆಂಡಿನ ಹತ್ತಿರ, ಒಂದು ಸ್ಪಷ್ಟ ಅಲೆ ಮೇಲೇಳುತ್ತದೆ. ಮೇಲ್ಮೈ ಅಲೆ ಸೆಕೆಂಡಿಗೆ ಸುಮಾರು 3 ಕಿಲೋಮೀಟರ್ ಸಾಗುತ್ತದಲ್ಲ, ಲೆಕ್ಕ ಸರಿಹೋಯಿತು. ಒಂದು ಕೇಂದ್ರದಲ್ಲಿ ನೆಲವನ್ನು ತಟ್ಟಿದ್ದರೆ ಇನ್ನೊಂದರಲ್ಲಿ ಏನು ಕಾಣುತ್ತಿತ್ತೋ ಅದೇ ನಿಮ್ಮ ಪರದೆಯ ಮೇಲಿದೆ, ಯಾರೂ ತಟ್ಟದೆ. ಎರಡು ಬದಿಯ ಎತ್ತರ ಒಂದೇ ಇರುವುದಿಲ್ಲ. ಯಾಕೆ ಅಂತ ಯೋಚಿಸಿ: ಸಮುದ್ರ ಯಾವ ಕಡೆ ಇದೆ? 2005ರಲ್ಲಿ ಇದೇ ವಿಧಾನದಿಂದ ಕ್ಯಾಲಿಫೋರ್ನಿಯಾದ ನೆಲದಾಳದ ನಕ್ಷೆ ತೆಗೆದ ಪೇಪರ್ ಭೂಭೌತಶಾಸ್ತ್ರದ ದಿಕ್ಕನ್ನೇ ಬದಲಿಸಿತು.

ಇದನ್ನು ಮಾಡಿ, ಕೋಡನ್ನು ಚೊಕ್ಕಟವಾಗಿ ಗಿಟ್‌ಹಬ್‌ನಲ್ಲಿ ಇಡಿ. ಅಲ್ಟ್ರಾಸೌಂಡ್ ಕಡೆ ಮನಸ್ಸಿದ್ದರೆ ಕೆ-ವೇವ್, ಬೆಳಕಿನ ಕಡೆ ಆದರೆ ಮೀಪ್ ಎಂಬ ಸಿಮ್ಯುಲೇಶನ್ ಸಾಫ್ಟ್‌ವೇರ್‌ನಲ್ಲಿ, ಯಾವುದಾದರೂ ಒಂದು ಪ್ರಕಟಿತ ಚಿತ್ರವನ್ನು ನೀವೇ ಮರಳಿ ತೆಗೆದು ತೋರಿಸಿ. ಎರಡೂ ಉಚಿತ. ಹಣ ಕೊಟ್ಟು ಕೊಳ್ಳುವ ಸಾಫ್ಟ್‌ವೇರ್ ಕಾಮ್ಸಾಲ್ ಮಾತ್ರ ಗೊತ್ತು ಎಂಬ ಸಿವಿಗಳು ರಾಶಿ ಬರುತ್ತವೆ. ಬೇರೆಯವರು ಓಡಿಸಿ ನೋಡಬಹುದಾದ ಕೋಡ್ ಇರುವ ಸಿವಿ ಕಡಿಮೆ.

ಹಣ ಎಲ್ಲಿಂದ ಬರುತ್ತದೆ ಎಂಬುದು ತಿಳಿದಿರಬೇಕು. ಎರಡು ದಾರಿ ಇವೆ. ಒಂದು, ಪ್ರೊಫೆಸರ್ ಬಳಿ ಇರುವ ಪ್ರಾಜೆಕ್ಟ್ ಹಣ. ಇನ್ನೊಂದು, ನೀವೇ ಗೆದ್ದು ತರುವ ಫೆಲೋಶಿಪ್.

ಪ್ರಾಜೆಕ್ಟ್ ಹಣದ ವಿಷಯದಲ್ಲಿ ಜಾಹೀರಾತು ಬರುವ ತನಕ ಕಾಯುವವರು ತಡವಾಗಿ ತಲುಪುತ್ತಾರೆ. ಯುರೋಪಿನ ಇಆರ್‌ಸಿ (ಯುರೋಪಿಯನ್ ರಿಸರ್ಚ್ ಕೌನ್ಸಿಲ್) ಗ್ರಾಂಟ್ ಪಡೆದವರ ಪಟ್ಟಿ ಬಹಿರಂಗವಾಗಿ ಸಿಗುತ್ತದೆ. ಅದು ಯುವ ಸಂಶೋಧಕರಿಗೆ ಕೊಡುವ ಸ್ಟಾರ್ಟಿಂಗ್ ಗ್ರಾಂಟ್ ಅಂದರೆ ಐದು ವರ್ಷಕ್ಕೆ ಸಾಮಾನ್ಯವಾಗಿ 15 ಲಕ್ಷ ಯೂರೋ ತನಕ. ಅದರ ಪಟ್ಟಿ ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ ಬರುತ್ತದೆ. ಗ್ರಾಂಟ್ ಸಿಕ್ಕ ಯುವ ಸಂಶೋಧಕರಿಗೆ ಕೈಯಲ್ಲಿ ಹಣ ಇರುತ್ತದೆ, ಗ್ರೂಪ್ ಇನ್ನೂ ಇರುವುದಿಲ್ಲ. ನಿಮ್ಮ ಪತ್ರ ತಲುಪಬೇಕಾದ ಹೊತ್ತು ಅದೇ. ಯುರೋಪಿನ ಪ್ರಾಜೆಕ್ಟ್‌ಗಳ ವಿವರ ಕಾರ್ಡಿಸ್‌ನಲ್ಲಿ, ಜರ್ಮನಿಯದ್ದು ಗೆಪ್ರಿಸ್‌ನಲ್ಲಿ, ಅಮೆರಿಕದ್ದು ಎನ್‌ಎಸ್‌ಎಫ್ ಅವಾರ್ಡ್ ಸರ್ಚ್‌ನಲ್ಲಿ ಸಿಗುತ್ತದೆ. ಪ್ರಾಜೆಕ್ಟ್ ಯಾವಾಗ ಶುರುವಾಯಿತು, ಯಾವಾಗ ಮುಗಿಯುತ್ತದೆ ಎಂದು ನೋಡಿ. ಮುಗಿಯಲು ಆರು ತಿಂಗಳಿರುವ ಪ್ರಾಜೆಕ್ಟ್‌ಗೆ ಬರೆದು ಪ್ರಯೋಜನ ಇಲ್ಲ.

ಫೆಲೋಶಿಪ್‌ಗಳಲ್ಲಿ ಯುರೋಪಿಯನ್ ಒಕ್ಕೂಟ ಕೊಡುವ ಮೇರಿ ಕ್ಯೂರಿ ಎಲ್ಲರಿಗೂ ಗೊತ್ತು. ಕೊನೆಯ ದಿನ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ, ಫಲಿತಾಂಶ ಮುಂದಿನ ಫೆಬ್ರವರಿ ಹೊತ್ತಿಗೆ. ಅರ್ಜಿಯ ಕೊನೆಯ ದಿನದೊಳಗೆ ಪಿಎಚ್‌ಡಿ ಮುಗಿದಿರಬೇಕು. ಪೈಪೋಟಿ ವಿಪರೀತ: 2024ರಲ್ಲಿ 10,000 ಚಿಲ್ಲರೆ ಇದ್ದ ಅರ್ಜಿಗಳು 2025ರಲ್ಲಿ 17,000 ದಾಟಿದವು. ಇದರ ಒಂದು ನಿಯಮವನ್ನು ಬಹಳ ಜನ ತಡವಾಗಿ ನೋಡುತ್ತಾರೆ. ಕೊನೆಯ ದಿನಕ್ಕೆ ಹಿಂದಿನ 36 ತಿಂಗಳಲ್ಲಿ ನೀವು ಹೋಗಬೇಕೆಂದಿರುವ ದೇಶದಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ಇದರ ಅರ್ಥ ಏನು? ನೀವು ಮೊದಲು ಪ್ರಾಜೆಕ್ಟ್ ಹಣದಲ್ಲಿ ಫ್ರಾನ್ಸ್‌ಗೆ ಹೋಗಿ ಎರಡು ವರ್ಷ ಕೆಲಸ ಮಾಡಿದಿರಿ ಅನ್ನಿ. ಆಮೇಲೆ ಅಲ್ಲೇ ಮುಂದುವರಿಯಲು ಮೇರಿ ಕ್ಯೂರಿ ಕೇಳುವ ಹಾಗಿಲ್ಲ. ಬೇರೆ ದೇಶಕ್ಕೆ ಹೋಗಲು ಕೇಳಬಹುದು. ಹಾಗಾಗಿ ಯಾವ ದೇಶ ಮೊದಲು, ಯಾವುದು ಆಮೇಲೆ ಎಂಬ ಕ್ರಮವನ್ನು ಈಗಲೇ ಕಾಗದದ ಮೇಲೆ ಬರೆದುಕೊಳ್ಳಿ. ನಿಯಮಗಳಲ್ಲಿ ಆಗಾಗ ತಿದ್ದುಪಡಿ ಆಗುತ್ತದೆ. ಆ ವರ್ಷದ ಕಾಗದವನ್ನೇ ಓದಿ.

ನಿಮ್ಮಂಥವರು ಮರೆಯುವ ಫೆಲೋಶಿಪ್ ಜರ್ಮನಿಯ ಹಂಬೋಲ್ಟ್. ಪಿಎಚ್‌ಡಿ ಆಗಿ ನಾಲ್ಕು ವರ್ಷದ ಒಳಗಿರುವ ಪೋಸ್ಟ್‌ಡಾಕ್‌ಗಳಿಗೆ 6ರಿಂದ 24 ತಿಂಗಳು ಕೊಡುತ್ತಾರೆ. ಇದಕ್ಕೆ ಕೊನೆಯ ದಿನ ಅಂತ ಇಲ್ಲ. ವರ್ಷದ ಯಾವ ದಿನ ಬೇಕಾದರೂ ಅರ್ಜಿ ಹಾಕಬಹುದು. ಥೀಸಿಸ್ ಬರೆಯುತ್ತಿರುವವರಿಗೆ ಇದು ದೊಡ್ಡ ಅನುಕೂಲ. ಜಪಾನಿನ ವಿಜ್ಞಾನ ಪ್ರೋತ್ಸಾಹ ಸಂಸ್ಥೆ ಜೆಎಸ್‌ಪಿಎಸ್ ಕೊಡುವ ಫೆಲೋಶಿಪ್‌ಗೆ ಸಾಮಾನ್ಯವಾಗಿ ಅಲ್ಲಿನ ಪ್ರೊಫೆಸರ್ ಮೂಲಕ ಅರ್ಜಿ ಹೋಗಬೇಕು, ಅದಕ್ಕೆ ಪರಿಚಯ ಮೊದಲೇ ಬೇಕು. ಭೌತಶಾಸ್ತ್ರದಿಂದ ಜೀವಶಾಸ್ತ್ರದ ಕಡೆ ದಾಟುವವರಿಗೆಂದೇ ಎಚ್‌ಎಫ್‌ಎಸ್‌ಪಿಯಲ್ಲಿ (ಹ್ಯೂಮನ್ ಫ್ರಾಂಟಿಯರ್ ಸೈನ್ಸ್ ಪ್ರೋಗ್ರಾಂ) ಒಂದು ಪ್ರತ್ಯೇಕ ಫೆಲೋಶಿಪ್ ಇದೆ. ಮಿದುಳಿನ ಅಲ್ಟ್ರಾಸೌಂಡ್ ನಿಮ್ಮನ್ನು ಸೆಳೆದರೆ ಅದನ್ನು ನೋಡಿ.

ಇನ್ನು ಪತ್ರ. ಗ್ರೂಪ್ ನಡೆಸುವವರಿಗೆ ಬರುವ ಈಮೇಲ್‌ಗಳಲ್ಲಿ ಹೆಚ್ಚಿನವು ಹೀಗಿರುತ್ತವೆ: “ಗೌರವಾನ್ವಿತ ಪ್ರೊಫೆಸರ್, ನಾನು ಅಲೆಗಳ ಮೇಲೆ ಪಿಎಚ್‌ಡಿ ಮುಗಿಸುತ್ತಿದ್ದೇನೆ. ನಿಮ್ಮ ಹೆಸರಾಂತ ಗ್ರೂಪ್‌ನಲ್ಲಿ ಕೆಲಸ ಮಾಡುವ ಆಸೆ ಇದೆ. ಹುದ್ದೆ ಖಾಲಿ ಇದ್ದರೆ ದಯವಿಟ್ಟು ತಿಳಿಸಿ. ಸಿವಿ ಲಗತ್ತಿಸಿದ್ದೇನೆ.” ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಇದೇ ಪತ್ರವನ್ನು ಯಾರಿಗೆ ಬೇಕಾದರೂ ಕಳಿಸಬಹುದು. ಓದುವವರಿಗೆ ಅದು ಮೊದಲ ಸಾಲಿನಲ್ಲೇ ತಿಳಿಯುತ್ತದೆ. ಉತ್ತರ ಬರುವುದಿಲ್ಲ.

ನೀವು ಕಾಡಿನ ಪ್ರಯೋಗದಂಥ ಕೆಲಸ ಮಾಡುವ ಗ್ರೂಪ್‌ಗೆ ಬರೆಯುತ್ತಿದ್ದೀರಿ ಅಂದುಕೊಳ್ಳಿ. ಆಗ ಹೀಗೆ ಬರೆಯಬಹುದು: “ನಿಮ್ಮ ಪೇಪರ್‌ನಲ್ಲಿ ರೆಸೊನೇಟರ್‌ಗಳೆಲ್ಲ ಒಂದೇ ಎತ್ತರ ಎಂದಿಟ್ಟುಕೊಂಡು ಬ್ಯಾಂಡ್‌ಗ್ಯಾಪ್ ಲೆಕ್ಕ ಹಾಕಿದ್ದೀರಿ. ಎತ್ತರ ಹೆಚ್ಚು ಕಡಿಮೆ ಆದಾಗ ಗ್ಯಾಪ್ ಅಗಲವಾಗುತ್ತದೋ, ಅಥವಾ ಅದರ ಅಂಚು ಕರಗಿಹೋಗುತ್ತದೋ ಎಂಬುದು ನನ್ನ ಥೀಸಿಸ್‌ನ ಒಂದು ಅಧ್ಯಾಯ. ಅದರ ಮುಖ್ಯ ಚಿತ್ರ ಜೊತೆಗಿದೆ. ಇದನ್ನು ನೆಲದ ಮೇಲಿನ ಅಳತೆಯ ಜೊತೆ ಇಟ್ಟು ನೋಡಬೇಕೆಂದಿದೆ. ಭೂಕಂಪ ಕೇಂದ್ರಗಳ ಡೇಟಾ ಜೊತೆ ಸ್ವಲ್ಪ ಕೆಲಸ ಮಾಡಿದ್ದೇನೆ, ಕೋಡ್ ಇಲ್ಲಿದೆ. ಜೂನ್ ನಂತರ ಸೇರಬಲ್ಲೆ. ನಿಮ್ಮಲ್ಲಿ ಈಗ ಪ್ರಾಜೆಕ್ಟ್ ಹಣ ಇಲ್ಲದಿದ್ದರೆ, ಒಟ್ಟಿಗೆ ಫೆಲೋಶಿಪ್‌ಗೆ ಅರ್ಜಿ ಹಾಕುವುದು ನಿಮಗೆ ಒಪ್ಪಿಗೆಯೇ?”

ಈ ಪತ್ರ ಬೇರೆಯವರಿಗೆ ಕಳಿಸಲು ಬರುವುದಿಲ್ಲ. ಇದನ್ನು ಬರೆಯಲು ಅವರ ಎರಡು ಮೂರು ಪೇಪರ್ ನಿಜವಾಗಿ ಓದಿರಬೇಕು. ದಿನಕ್ಕೆ ಹತ್ತು ಪತ್ರ ಕಳಿಸಲು ಆಗುವುದಿಲ್ಲ, ವಾರಕ್ಕೆ ಒಂದೋ ಎರಡೋ. ಅಷ್ಟೇ ಸಾಕು. ಕೊನೆಯ ಸಾಲಿಗೆ ವಿಶೇಷ ಬೆಲೆ ಇದೆ: ಹಣ ಇಲ್ಲದ ಪ್ರೊಫೆಸರ್‌ಗೂ ಹೌದು ಅನ್ನಲು ಒಂದು ದಾರಿ ಕೊಡುತ್ತದೆ. ಎರಡು ವಾರ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ. ಆಮೇಲೂ ಬರದಿದ್ದರೆ ಬಿಟ್ಟುಬಿಡಿ, ಬೇಜಾರು ಮಾಡಿಕೊಳ್ಳಬೇಡಿ.

ಶಿಫಾರಸು ಪತ್ರ ಮೂರು ಬೇಕಾಗುತ್ತವೆ. ಗೈಡ್ ಒಬ್ಬರು. ಉಳಿದ ಇಬ್ಬರಲ್ಲಿ ಒಬ್ಬರಾದರೂ ನಿಮ್ಮ ಸಂಸ್ಥೆಯ ಹೊರಗಿನವರಾದರೆ ಒಳ್ಳೆಯದು. ನಿಮ್ಮ ಜೊತೆ ಪೇಪರ್ ಬರೆದವರು, ಸಮ್ಮೇಳನದಲ್ಲಿ ನಿಮ್ಮ ಕೆಲಸ ನೋಡಿ ಪ್ರಶ್ನೆ ಕೇಳಿದವರು. ದೊಡ್ಡ ಹೆಸರಿನವರು ಬರೆದ ನಾಲ್ಕು ಸಾಲಿಗಿಂತ ನಿಮ್ಮ ಕೆಲಸ ಬಲ್ಲವರ ಒಂದು ಪುಟ ಮೇಲು.

ಇಂಟರ್‌ವ್ಯೂನಲ್ಲಿ ಭಾಷಣ ಕೊಡಬೇಕಾಗುತ್ತದೆ, ಆಮೇಲೆ ಪ್ರಶ್ನೆ. “ಈ ಪೇಪರ್‌ನಲ್ಲಿ ನಿಮ್ಮ ಕೈಯಾರೆ ಆದದ್ದು ಯಾವುದು?” ಅಂತ ಕೇಳೇ ಕೇಳುತ್ತಾರೆ. ಸ್ಪಷ್ಟವಾಗಿ ಹೇಳಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ.

ನೀವೂ ಕೇಳಬೇಕು, ಇದನ್ನು ಸಂಕೋಚ ಪಟ್ಟು ಬಿಡಬೇಡಿ. ಒಪ್ಪಂದ ಎಷ್ಟು ತಿಂಗಳಿಗೆ? ಒಂದು ವರ್ಷ ಆದರೆ ಮುಂದುವರಿಸಲು ಹಣ ಈಗಲೇ ಇದೆಯೋ, ಇನ್ನೂ ಬರಬೇಕೋ? ನನ್ನ ಸ್ವಂತ ಯೋಚನೆಗೆ ವಾರದಲ್ಲಿ ಸ್ವಲ್ಪ ಸಮಯ ಸಿಗುತ್ತದೆಯಾ? ಹೊರಡುವಾಗ ಇಲ್ಲಿ ಶುರು ಮಾಡಿದ ವಿಷಯವನ್ನು ಜೊತೆಗೆ ಒಯ್ಯಬಹುದಾ? ಹಿಂದಿನ ಪೋಸ್ಟ್‌ಡಾಕ್‌ಗಳು ಈಗ ಎಲ್ಲಿದ್ದಾರೆ? ಕೊನೆಯ ಪ್ರಶ್ನೆಯನ್ನು ಪ್ರೊಫೆಸರ್‌ಗೆ ಮಾತ್ರ ಕೇಳಬೇಡಿ. ಆ ಗ್ರೂಪ್ ಬಿಟ್ಟುಹೋದ ಇಬ್ಬರಿಗೆ ಬರೆಯಿರಿ. ಹೆಸರುಗಳು ಪೇಪರ್‌ಗಳಲ್ಲೇ ಇರುತ್ತವೆ. ಫೋನಿನಲ್ಲಿ ಮಾತಾಡಿದರೆ ಇನ್ನೂ ಒಳ್ಳೆಯದು, ಬರೆಯಲು ಹಿಂಜರಿಯುವುದನ್ನು ಬಾಯಲ್ಲಿ ಹೇಳುತ್ತಾರೆ.

ಆಯ್ಕೆ ಮಾಡುವಾಗ ನನ್ನ ಸಲಹೆ ಒಂದೇ. ನಿಮ್ಮ ಪಿಎಚ್‌ಡಿಯನ್ನೇ ಮುಂದುವರಿಸುವ ಗ್ರೂಪ್ ಬೇಡ, ನಿಮಗೆ ಏನೂ ಗೊತ್ತಿಲ್ಲದ ಗ್ರೂಪೂ ಬೇಡ. ಮೊದಲನೆಯದರಲ್ಲಿ ಪೇಪರ್ ಬೇಗ ಬರುತ್ತವೆ, ಆದರೆ ಎರಡು ವರ್ಷ ಆದ ಮೇಲೂ ನೀವು ಅದೇ ಮನುಷ್ಯ. ಎರಡನೆಯದರಲ್ಲಿ ಕಲಿಯುವುದರಲ್ಲೇ ಒಪ್ಪಂದ ಮುಗಿಯುತ್ತದೆ. ಲೆಕ್ಕ ಹಾಕುವ ವಿಧಾನ ನಿಮ್ಮದು, ವಸ್ತು ಮತ್ತು ಅಳತೆ ಹೊಸದು: ಇಂಥ ಜಾಗ ಹುಡುಕಿ. ನಿಮಗೆ ನೆಲದ ಅಲೆಗಳೋ ಮೂಳೆಯ ಅಲ್ಟ್ರಾಸೌಂಡೋ ಸರಿಹೊಂದುತ್ತದೆ ಅನ್ನಿಸುತ್ತದೆ. ಆಮೇಲೆ ಪ್ರಾಧ್ಯಾಪಕ ಹುದ್ದೆ ಸಿಗದಿದ್ದರೂ ಇವೆರಡರಲ್ಲಿ ಹೊರಗೆ ಕೆಲಸ ಇದೆ. ಸ್ಕ್ಯಾನರ್ ಮಾಡುವ ಕಂಪನಿಗಳು, ಸೇತುವೆ ಮತ್ತು ಪೈಪ್‌ಗಳ ಬಿರುಕು ಹುಡುಕುವವರು, ನೆಲದಾಳ ಪರೀಕ್ಷಿಸುವವರು ಇಂಥ ಜನರನ್ನೇ ಕೇಳುತ್ತಾರೆ.

ಮೊದಲು ಸಿಕ್ಕ ಆಫರ್ ಒಪ್ಪಬೇಕಾ ಅಂತ ಕೇಳಿದ್ದೀರಿ. ಮೇಲಿನ ಪ್ರಶ್ನೆಗಳಿಗೆ ನೆಟ್ಟಗೆ ಉತ್ತರ ಬಂದಿದ್ದರೆ, ಹಳೆಯ ಪೋಸ್ಟ್‌ಡಾಕ್‌ಗಳು ಒಳ್ಳೆಯ ಮಾತಾಡಿದ್ದರೆ, ಒಪ್ಪಿಕೊಳ್ಳಿ. ಇನ್ನೂ ಒಳ್ಳೆಯದು ಬರಬಹುದೇನೋ ಅಂತ ಸುಮ್ನೆ ಕಾಯಬೇಡಿ. ಯೋಚಿಸಲು ಎರಡು ವಾರ ಸಮಯ ಕೇಳುವುದು ಎಲ್ಲ ಕಡೆ ರೂಢಿ. ಆಫರ್ ಬಂದಾಗ ಫೆಲೋಶಿಪ್ ಫಲಿತಾಂಶ ಇನ್ನೂ ಬಾಕಿ ಇದ್ದರೆ ಅದನ್ನು ಮುಚ್ಚಿಡಬೇಡಿ. “ಇಂಥ ಫೆಲೋಶಿಪ್‌ಗೆ ಅರ್ಜಿ ಹಾಕಿದ್ದೇನೆ, ಫಲಿತಾಂಶ ಫೆಬ್ರವರಿಯಲ್ಲಿ” ಅಂತ ಮೊದಲ ಮಾತುಕತೆಯಲ್ಲೇ ಹೇಳಿ. ಅದೇ ಗ್ರೂಪ್‌ಗೆ ಹಾಕಿದ ಫೆಲೋಶಿಪ್ ಆದರೆ ಅವರಿಗೆ ಸಂತೋಷವೇ, ಪ್ರಾಜೆಕ್ಟ್ ಹಣ ಉಳಿಯುತ್ತದೆ. ಬೇರೆ ಗ್ರೂಪ್‌ಗೆ ಹಾಕಿದ್ದಾದರೆ ಸೇರುವ ದಿನವನ್ನು ಮಾರ್ಚ್‌ಗೆ ಇಡಬಹುದಾ ಅಂತ ಕೇಳಿ. ಒಪ್ಪಿದರೆ ಎರಡೂ ದಾರಿ ತೆರೆದಿರುತ್ತವೆ. ಒಪ್ಪದಿದ್ದರೆ ಕೈಯಲ್ಲಿರುವ ಆಫರನ್ನು ಹಿಡಿಯಿರಿ. ಫೆಲೋಶಿಪ್ ಅರ್ಜಿಯನ್ನು ಮುಂದಿನ ಸೆಪ್ಟೆಂಬರ್‌ನಲ್ಲಿ, ಹೊಸ ಗ್ರೂಪ್‌ನ ಒಂದು ಪೇಪರ್ ಸೇರಿಸಿಕೊಂಡು, ಮತ್ತೊಂದು ದೇಶಕ್ಕಾಗಿ ಹಾಕಬಹುದು.